ಪೂರ್ಣಗಾತ್ರದ ಮೂಸ್ ಟಾರ್ಗೆಟ್: ಬಿಲ್ಲು ಬೇಟೆಗಾರರ ಕಣ್ಣಿನಿಂದ ಒಂದು ವಿಮರ್ಶೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ ಬಿಲ್ಲು ಹಿಡಿದು ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಹೋಗುವವರು ಅಭ್ಯಾಸಕ್ಕಾಗಿ ಬಳಸುವ, ಆ ಪ್ರಾಣಿಯ ಆಕಾರದಲ್ಲೇ ಫೋಮಿನಿಂದ ಮಾಡಿದ ಪೂರ್ಣಗಾತ್ರದ ತ್ರೀ-ಡಿ ಟಾರ್ಗೆಟ್ ಒಂದನ್ನು ನಾನು ಸದಸ್ಯನಾಗಿರುವ ಬಿಲ್ಲುಗಾರಿಕೆ ಕ್ಲಬ್ಬು ಎಲ್ಲರ ಚಂದಾಹಣ ಸೇರಿಸಿ ಕೊಂಡಿದೆ. ಬೇಸಿಗೆ ಪೂರ್ತಿ ಅದರ ಮೇಲೆ ಬಾಣ ಬಿಟ್ಟ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬಿಟ್ಟಿದ್ದೇನೆ. ಏಕೆಂದರೆ ಇಲ್ಲಿ ಹೇಳುವ ಗುಣಗಳೂ ಕೊರತೆಗಳೂ ಈ ಬಗೆಯ ಬಹುತೇಕ ಟಾರ್ಗೆಟ್‌ಗಳಿಗೆ ಅನ್ವಯಿಸುತ್ತವೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಊರಿನ ಓದುಗರಿಗೆ ಇದರ ಉಪಯೋಗವಿಲ್ಲ. ಕೆನಡಾದಲ್ಲಿ ನೆಲೆಸಿ, ಬೇಟೆ ಶಿಕ್ಷಣದ ಪರೀಕ್ಷೆ ಮುಗಿಸಿ, ಲೈಸೆನ್ಸು ಮತ್ತು ಟ್ಯಾಗು (ಪ್ರಾಣಿಯನ್ನು ಬೇಟೆಯಾಡಲು ಕೊಡುವ ಅನುಮತಿ ಚೀಟಿ) ಪಡೆದು ಕಾಡಿಗೆ ಹೋಗುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಟಾರ್ಗೆಟ್‌ನ ಮೊದಲ ಉಪಕಾರ ಅದರ ಗಾತ್ರ. ಮೂಸ್ ಜಿಂಕೆಯ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ; ಒಂಟಾರಿಯೊದ ಬೆಳೆದ ಗಂಡು ಸುಮಾರು 500 ಕಿಲೋ ತೂಗುತ್ತದೆ, ಹೆಗಲಿನ ಬಳಿ ಅದರ ಎತ್ತರ ಆಳೆತ್ತರವನ್ನು ಮುಟ್ಟುತ್ತದೆ. ಬಿಳಿಬಾಲದ ಜಿಂಕೆಯ ಟಾರ್ಗೆಟ್ ಮೇಲೆ ವರ್ಷಗಟ್ಟಲೆ ಕಣ್ಣು ಪಳಗಿಸಿಕೊಂಡ ಬಿಲ್ಲುಗಾರರಿಗೆ ಇಷ್ಟು ದೊಡ್ಡ ದೇಹ ಎದುರು ನಿಂತಾಗ ಅದು ಇರುವುದಕ್ಕಿಂತ ಹತ್ತಿರದಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ. 35 ಮೀಟರ್ ದೂರವನ್ನು 25 ಎಂದು ಎಣಿಸಿ ಬಿಟ್ಟ ಬಾಣ ಎದೆಗೂಡಿನ ಕೆಳಗೆ ಇಳಿಯುತ್ತದೆ, ಇಲ್ಲವೇ ಎದೆಯ ಅಡಿಭಾಗವನ್ನು ಸೀಳಿಕೊಂಡು ಹೋಗುತ್ತದೆ. ಪೂರ್ಣಗಾತ್ರದ ಪ್ರತಿಮೆಯನ್ನು ಮರಗಳ ನಡುವೆ ನಿಲ್ಲಿಸಿ, ದೂರಮಾಪಕ ನೋಡುವ ಮೊದಲು ಬರಿಗಣ್ಣಿನಿಂದ ಅಂದಾಜು ಹೇಳುವ ಅಭ್ಯಾಸವೊಂದಕ್ಕೇ ಈ ಟಾರ್ಗೆಟ್ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ನಾನು ನಂಬುತ್ತೇನೆ.

ಎರಡನೆಯ ಉಪಕಾರ ಅದರ ಹೊರರೇಖೆ. ಮೂಸ್‌ನ ಹೆಗಲ ಮೇಲೆ ಕಾಣುವ ಗೂನು ಕೊಬ್ಬಿನ ಗಡ್ಡೆಯಲ್ಲ; ಎದೆಭಾಗದ ಕಶೇರುಕಗಳಿಂದ ಮೇಲಕ್ಕೆ ಚಾಚಿದ ಉದ್ದನೆಯ ಮುಳ್ಳೆಲುಬುಗಳು, ಅವುಗಳಿಗೆ ಅಂಟಿದ ಸ್ನಾಯು, ಅದರ ಮೇಲೆ ಉದ್ದ ಕೂದಲು ಸೇರಿ ಆ ಎತ್ತರ ಉಂಟಾಗಿದೆ. ಬಂಡೀಪುರ, ನಾಗರಹೊಳೆಗಳಲ್ಲಿ ಕಾಟಿಯನ್ನು ನೋಡಿದವರಿಗೆ ಅದರ ಬೆನ್ನಿನ ದಿಣ್ಣೆ ನೆನಪಿರುತ್ತದೆ. ಎರಡರ ರಚನೆಯೂ ಒಂದೇ ಬಗೆಯದು. ಇದರ ಪರಿಣಾಮವಾಗಿ, ಬೆನ್ನುಹುರಿ ಹಾದುಹೋಗುವ ಗೆರೆ ಹೊರಗಿನಿಂದ ಕಾಣುವ ಬೆನ್ನಿನ ಗೆರೆಗಿಂತ ಬಹಳ ಕೆಳಗಿರುತ್ತದೆ, ಶ್ವಾಸಕೋಶಗಳು ಅದಕ್ಕೂ ಕೆಳಗಿರುತ್ತವೆ. ಬೆನ್ನಿಗೂ ಎದೆಯ ತಳಕ್ಕೂ ನಡುವಿನ ಬಿಂದುವೇ ಎದೆಗೂಡಿನ ನಡುಬಿಂದು ಎಂದು ಕಣ್ಣಳತೆಯಲ್ಲಿ ಭಾವಿಸಿ ಬಾಣ ಬಿಡುವವನು ತನಗೆ ಅರಿವಿಲ್ಲದೆ ಮೇಲಕ್ಕೆ ಗುರಿಯಿಡುತ್ತಾನೆ. ಕೈ ಸ್ವಲ್ಪ ಅಲುಗಿದರೂ ಬಾಣ ಮುಳ್ಳೆಲುಬುಗಳ ನಡುವಿನ ಮಾಂಸದಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ರಾಣಿ ಗಾಯದೊಡನೆ ಮರೆಯಾಗುತ್ತದೆ. ನಾವು ಕೊಂಡ ಪ್ರತಿಮೆಯಲ್ಲಿ ಗೂನು, ಕೊರಳಿನ ಇಳಿಜಾರು, ಎದೆಯ ಆಳ ಇವು ನಿಜಕ್ಕೆ ಹತ್ತಿರವಾಗಿವೆ. ಕೆಲವು ಅಗ್ಗದ ಮಾದರಿಗಳು ದೊಡ್ಡ ಜಿಂಕೆಗೆ ಕೊಂಬು ಸಿಕ್ಕಿಸಿದಂತೆ ಕಾಣುತ್ತವೆ; ಅಂಥವನ್ನು ಮೂಸ್ ಅಭ್ಯಾಸಕ್ಕೆ ಕೊಳ್ಳಬಾರದು.

ಈ ಟಾರ್ಗೆಟ್ ಬಗ್ಗೆ ನನ್ನ ಮುಖ್ಯ ಆಕ್ಷೇಪ ಅದರ ಮೈಮೇಲೆ ಕೆತ್ತಿರುವ ಅಂಕದ ವೃತ್ತಗಳದ್ದು. ಇಂಥ ಪ್ರತಿಮೆಗಳಿಗೆ ಬಾಣ ಬಿಡುವ ತ್ರೀ-ಡಿ ಸ್ಪರ್ಧೆಗಳಲ್ಲಿ ಹೃದಯ-ಶ್ವಾಸಕೋಶದ ವಲಯಕ್ಕೆ 10 ಅಂಕ, ಅದರೊಳಗಿನ ಪುಟ್ಟ ವೃತ್ತಕ್ಕೆ ನಿಯಮಾವಳಿಗೆ ತಕ್ಕಂತೆ 11 ಅಥವಾ 12, ಹೊರಗಿನ ವಲಯಕ್ಕೆ 8, ಉಳಿದ ದೇಹಕ್ಕೆ 5 ಎಂಬ ಲೆಕ್ಕವಿರುತ್ತದೆ. ಸ್ಪರ್ಧೆಯ ಮಟ್ಟಿಗೆ ಇದು ಸರಿಯಾದ ವ್ಯವಸ್ಥೆಯೇ. ಆದರೆ ಹೊಟ್ಟೆಗೆ ತಾಗಿದ ಬಾಣಕ್ಕೂ 5 ಅಂಕ ಸಿಗುವ ಲೆಕ್ಕವನ್ನು ಮನಸ್ಸಿಗೆ ತುಂಬಿಕೊಂಡು ಕಾಡಿಗೆ ಹೋಗುವುದು ತಪ್ಪು. ಹೊಟ್ಟೆಗೆ ಬಾಣ ತಾಗಿದ ಮೂಸ್ ಗಂಟೆಗಟ್ಟಲೆ ನರಳಿ ಸಾಯುತ್ತದೆ ಮತ್ತು ಎಷ್ಟೋ ಸಲ ಸಿಗುವುದೇ ಇಲ್ಲ. ಬೇಟೆಗಾರನಿಗೆ ಬರಬಹುದಾದ ಫಲಗಳಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ, ಗುರಿ ಪೂರ್ತಿ ತಪ್ಪುವುದು ಅದಕ್ಕಿಂತ ಎಷ್ಟೋ ಮೇಲು. ಅದಲ್ಲದೆ ಹೆಚ್ಚಿನ ಅಂಕದ ಪುಟ್ಟ ವೃತ್ತ ಕೆಲವು ಪ್ರತಿಮೆಗಳಲ್ಲಿ 10ರ ವಲಯದ ಅಂಚಿಗೆ ಹತ್ತಿರವಿರುತ್ತದೆ. ಅದನ್ನೇ ಬೆನ್ನಟ್ಟಿ ಅಭ್ಯಾಸ ಮಾಡಿದವನ ಕೈ ಸುರಕ್ಷಿತ ನಡುಭಾಗವನ್ನು ಬಿಟ್ಟು ಅಂಚಿಗೆ ಒಗ್ಗಿಕೊಳ್ಳುತ್ತದೆ. ನಮ್ಮ ಕ್ಲಬ್ಬಿನಲ್ಲಿ ವೃತ್ತಗಳ ಗೆರೆಗಳ ಮೇಲೆ ಕಂದುಬಣ್ಣ ಬಳಿದು ಅವನ್ನು ಅಳಿಸಿದ್ದೇವೆ. ಎರಡೂ ಶ್ವಾಸಕೋಶಗಳನ್ನು ದಾಟುವ ಬಾಣ ಒಂದು ಲೆಕ್ಕ, ಉಳಿದದ್ದೆಲ್ಲ ಸೊನ್ನೆ ಎಂದು ಬೇಟೆ ಋತುವಿಗೆ ಮುನ್ನ ಅಭ್ಯಾಸ ಮಾಡುತ್ತೇವೆ.

ಈ ಕಟ್ಟುನಿಟ್ಟು ಏಕೆ ಬೇಕು ಎಂಬುದಕ್ಕೆ ಬಾಣ ಕೊಲ್ಲುವ ಬಗೆಯನ್ನು ತಿಳಿದಿರಬೇಕು. ಗುಂಡಿಗಿರುವ ಆಘಾತದ ಬಲ ಬಾಣಕ್ಕಿಲ್ಲ. ಹರಿತವಾದ ಅಲಗು ರಕ್ತನಾಳಗಳನ್ನು ಕತ್ತರಿಸಿ, ಶ್ವಾಸಕೋಶಗಳನ್ನು ಕುಸಿಯುವಂತೆ ಮಾಡಿ, ಮೆದುಳಿಗೆ ರಕ್ತ ಹೋಗದಂತೆ ಮಾಡುವುದರಿಂದಲೇ ಪ್ರಾಣಿ ಬೇಗ ಪ್ರಜ್ಞೆ ತಪ್ಪಿ ಸಾಯುತ್ತದೆ. ಪಕ್ಕಕ್ಕೆ ನಿಂತ ಮೂಸ್‌ನಲ್ಲಿ ಮುಂಗಾಲಿನ ಹಿಂಬದಿಯ ಅಂಚನ್ನು ಕಣ್ಣಿನಿಂದ ಹಿಡಿದು ಮೇಲೇರಿ, ಎದೆಯ ತಳದಿಂದ ದೇಹದ ಆಳದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ, ಕಾಲಿನಿಂದ ತುಸು ಹಿಂದೆ ಗುರಿಯಿಟ್ಟರೆ ಬಾಣ ಎರಡೂ ಶ್ವಾಸಕೋಶಗಳ ಮೂಲಕ ಹೋಗುತ್ತದೆ. ಹೃದಯ ಇನ್ನೂ ಕೆಳಗೆ, ಮುಂಗಾಲುಗಳ ನಡುವೆ, ಬಹುಪಾಲು ಮೂಳೆಯ ಮರೆಯಲ್ಲಿದೆ. ಹೆಗಲೆಲುಬು ಮೇಲಿನಿಂದ ಮುಂದಕ್ಕೆ ಇಳಿದು, ಅದರ ತುದಿಯಿಂದ ತೋಳಿನ ದಪ್ಪ ಮೂಳೆ ಹಿಂದಕ್ಕೆ, ಮೊಣಕೈ ಗಂಟಿನ ಕಡೆಗೆ ತಿರುಗುತ್ತದೆ. ಈ ಎರಡು ಮೂಳೆಗಳು ಹಿಂಬದಿಗೆ ತೆರೆದ ಕೋನವೊಂದನ್ನು ಮಾಡುತ್ತವೆ. ಆ ಕೋನದ ಹಿಂದಿನ ಜಾಗದಲ್ಲಿ ಬಾಣಕ್ಕೆ ಅಡ್ಡವಾಗುವುದು ಪಕ್ಕೆಲುಬು ಮಾತ್ರ. ನಾವು ಕೊಂಡ ಪ್ರತಿಮೆಯ ಬದಲಾಯಿಸಬಹುದಾದ ನಡುತುಂಡು ಸರಿಸುಮಾರು ಈ ಜಾಗವನ್ನೇ ಆವರಿಸುತ್ತದೆ, ಅದು ಮೆಚ್ಚಬೇಕಾದ ವಿಷಯ. ಆದರೆ ಫೋಮಿನೊಳಗೆ ಮೂಳೆಯ ಸುಳಿವೇ ಇಲ್ಲದ ಕಾರಣ, ತೋಳಿನ ಮೂಳೆಗೆ ತಾಗಿ ನಿಲ್ಲಬೇಕಾದ ಬಾಣವೂ ನಡುತುಂಡಿಗೆ ತಾಗಿದ ಬಾಣದಷ್ಟೇ ಆಳಕ್ಕೆ ಹೋಗುತ್ತದೆ, ಹೊಸಬರಿಗೆ ಅದು ಒಳ್ಳೆಯ ಹೊಡೆತದಂತೆ ಕಾಣುತ್ತದೆ. ಮೂಳೆಗಳ ಚಿತ್ರವನ್ನು ಸೀಮೆಸುಣ್ಣದಿಂದ ಪ್ರತಿಮೆಯ ಮೇಲೆಯೇ ಬರೆದು ತೋರಿಸಿದ ಮೇಲೆ ನಮ್ಮ ಕಿರಿಯ ಸದಸ್ಯರಿಗೆ ವಿಷಯ ಮನದಟ್ಟಾಯಿತು.

ಇನ್ನೊಂದು ಮಿತಿ ಟಾರ್ಗೆಟ್‌ಗಿಂತ ಹೆಚ್ಚಾಗಿ ಅದನ್ನು ನಿಲ್ಲಿಸುವ ರೂಢಿಗೆ ಸಂಬಂಧಿಸಿದ್ದು. ಬಹುತೇಕ ಕ್ಲಬ್ಬುಗಳಲ್ಲಿ ಪ್ರತಿಮೆ ಪಕ್ಕಕ್ಕೆ ನಿಂತಿರುತ್ತದೆ. ಕಾಡಿನಲ್ಲಿ ನಡೆಯುವುದು ಬೇರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗಿನ ಬೆದೆಯ ಕಾಲದಲ್ಲಿ, ಬರ್ಚ್ ಮರದ ತೊಗಟೆಯ ಕೊಳವೆಯಿಂದ ಹೆಣ್ಣು ಮೂಸ್‌ನ ಕೂಗನ್ನು ಅನುಕರಿಸಿ ಗಂಡನ್ನು ಕರೆಯುತ್ತಾರೆ; ಕೂಗಿಗೆ ಬರುವ ಗಂಡು ಕೂಗಿದವನ ಕಡೆಗೇ, ಎದೆ ಮುಂದಾಗಿ ನೇರ ನಡೆದು ಬರುತ್ತದೆ. ಎದುರಿನಿಂದ ಬಿಟ್ಟ ಬಾಣಕ್ಕೆ ಎದೆಮೂಳೆಯೂ ಹೆಗಲ ಕೀಲುಗಳೂ ಅಡ್ಡವಿದ್ದು, ನಡುವೆ ಉಳಿಯುವ ದಾರಿ ತೀರ ಕಿರಿದು. ಓರೆಯಾಗಿ ನಮ್ಮ ಕಡೆಗೆ ತಿರುಗಿ ನಿಂತಾಗಲೂ ಹೆಗಲು ಅಡ್ಡ ಬರುತ್ತದೆ, ದಾಟಿದರೂ ಒಂದೇ ಶ್ವಾಸಕೋಶ ಸಿಗುವ ಸಂಭವ ಹೆಚ್ಚು. ಈ ಎರಡೂ ಕೋನಗಳಲ್ಲಿ ಬಿಲ್ಲನ್ನು ಕೆಳಗಿಳಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅನುಭವಿಗಳು ಕೂಗುವವನನ್ನು ಬಿಲ್ಲುಗಾರನಿಗಿಂತ ಹಿಂದೆ ಕೂರಿಸುವುದು ಇದೇ ಕಾರಣಕ್ಕೆ. ಗಂಡು ಕೂಗಿನತ್ತ ಹೋಗುತ್ತಾ ಬಿಲ್ಲುಗಾರನ ಪಕ್ಕದಲ್ಲಿ ಹಾದಾಗ ಎದೆಯ ಪಕ್ಕ ತೆರೆದುಕೊಳ್ಳುತ್ತದೆ.

ನಮ್ಮಿಂದ ದೂರಕ್ಕೆ ಓರೆಯಾಗಿ ನಿಂತ ಕೋನ ಒಳ್ಳೆಯದೇ, ಆದರೆ ಅಲ್ಲಿ ಗುರಿಬಿಂದು ಹಿಂದಕ್ಕೆ ಸರಿಯುತ್ತದೆ: ಬಾಣ ಆಚೆ ಬದಿಯ ಮುಂಗಾಲಿನ ಕಡೆಗೆ ಹೊರಬರುವಂತೆ ಲೆಕ್ಕ ಹಾಕಿ, ಆ ದಾರಿ ಈಚೆ ಬದಿಯಲ್ಲಿ ಎಲ್ಲಿ ಆರಂಭವಾಗಬೇಕೋ ಅಲ್ಲಿಗೆ ಬಿಡಬೇಕು. ಓರೆ ಹೆಚ್ಚಾದಷ್ಟೂ ದಾರಿಯಲ್ಲಿ ಹೊಟ್ಟೆ ಬರುತ್ತದೆ; ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಅದರ ಮೊದಲ ಹೊಟ್ಟೆ ಎಡಬದಿಯಲ್ಲಿ ಮೇವು ತುಂಬಿಕೊಂಡು ಹರಡಿರುತ್ತದೆ, ಆ ಒದ್ದೆ ನಾರಿನ ರಾಶಿ ಬಾಣದ ವೇಗವನ್ನು ನುಂಗಿಬಿಡುತ್ತದೆ. ಪ್ರತಿಮೆಯನ್ನು ವಾರಕ್ಕೊಮ್ಮೆ ಬೇರೆ ಬೇರೆ ಕೋನಕ್ಕೆ ತಿರುಗಿಸಿ, ಬಾಣ ನಾಟಿದ ಮೇಲೆ ಅದರ ದಿಕ್ಕಿನಲ್ಲಿ ಉದ್ದನೆಯ ಕೋಲು ಹಿಡಿದು ಆಚೆ ಬದಿಯಲ್ಲಿ ಎಲ್ಲಿ ಹೊರಬರುತ್ತಿತ್ತು ಎಂದು ನೋಡುವ ಪಾಠ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಲಿಸಿದೆ. ಅಷ್ಟು ಭಾರದ ಪ್ರತಿಮೆಯನ್ನು ತಿರುಗಿಸಲು ಅಡಿಯಲ್ಲಿ ಚಕ್ರವಿಲ್ಲ, ಹಿಡಿಯೂ ಇಲ್ಲ. ತಯಾರಕರು ಇದನ್ನು ಯೋಚಿಸಬೇಕಿತ್ತು.

ಬಾಳಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಭ್ಯಾಸದ ಸಾಮಾನ್ಯ ಮೊನೆಗಳಿಗೆ ಫೋಮು ಚೆನ್ನಾಗಿ ತಾಳುತ್ತದೆ, ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಬೇಟೆಯ ಅಲಗುಮೊನೆಗಳು ಮಾತ್ರ ಅದನ್ನು ಕತ್ತರಿಸಿ ಬೇಗ ಹಾಳುಮಾಡುತ್ತವೆ, ಆದ್ದರಿಂದ ಅವಕ್ಕೆ ಬೇರೆ ಟಾರ್ಗೆಟ್ ಇರಲಿ. ಆದರೆ ಅಲಗುಮೊನೆಯಿಂದ ಅಭ್ಯಾಸ ಮಾಡದೆ ಕಾಡಿಗೆ ಹೋಗಬಾರದು. ಅದರ ಹಾರಾಟ ಬೇರೆ. ಮೂಸ್ ಬೇಟೆಗೆ ಒಂಟಾರಿಯೊ ನಿಯಮ ಬಿಲ್ಲಿಗೆ ಕನಿಷ್ಠ 22 ಕಿಲೋ ಎಳೆತವನ್ನೂ (ಹೆದೆಯನ್ನು ಎಳೆಯಲು ಬೇಕಾದ ಬಲ), ಮೊನೆಗೆ ಕನಿಷ್ಠ 22 ಮಿಲಿಮೀಟರ್ ಅಗಲವನ್ನೂ ಎರಡಾದರೂ ಹರಿತ ಅಂಚುಗಳನ್ನೂ ಕೇಳುತ್ತದೆ. ಇದು ಕಾನೂನಿನ ತಳಮಟ್ಟ. ಭಾರವಾದ ಬಾಣ, ಗಟ್ಟಿಯಾದ ಮೊನೆ, ಕ್ಷೌರದ ಬ್ಲೇಡಿನಷ್ಟು ಹರಿತವಾದ ಅಂಚು ಇವನ್ನು ಪ್ರಾಣಿಗೆ ತೋರಬೇಕಾದ ಮರ್ಯಾದೆಯ ಭಾಗವೆಂದೇ ನಾನು ಎಣಿಸುತ್ತೇನೆ. ಸೆಕೆಂಡಿಗೆ 80 ಮೀಟರ್ ವೇಗದ ಬಾಣ 30 ಮೀಟರ್ ಕ್ರಮಿಸಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ನಡೆಯುತ್ತಿರುವ ಪ್ರಾಣಿಯ ಎದೆ ಇದ್ದ ಜಾಗಕ್ಕೆ ಹೊಟ್ಟೆ ಬಂದಿರುತ್ತದೆ. ಫೋಮಿನ ಪ್ರತಿಮೆ ಹೆಜ್ಜೆ ಇಡುವುದಿಲ್ಲ. ಕದಲದೆ ನಿಂತ ಪ್ರಾಣಿಗೆ ಮಾತ್ರ ಬಾಣ ಬಿಡುವ ಸಂಯಮವನ್ನು ನಾವೇ ಅಭ್ಯಾಸಕ್ಕೆ ಸೇರಿಸಿಕೊಳ್ಳಬೇಕು.

ಬಾಣ ತಾಗಿದ ನಂತರದ ಕೆಲಸಕ್ಕೆ ಯಾವ ಟಾರ್ಗೆಟ್ಟೂ ಸಹಾಯ ಮಾಡದು. ಶ್ವಾಸಕೋಶಕ್ಕೆ ತಾಗಿದ ಮೂಸ್ ಎಷ್ಟೋ ಸಲ ಓಡುವುದಿಲ್ಲ, ನಾಲ್ಕು ಹೆಜ್ಜೆ ನಡೆದು ನಿಂತು ಬೀಳುತ್ತದೆ. ಅದನ್ನು ಕಂಡು ಗುರಿ ತಪ್ಪಿತೆಂದುಕೊಂಡು ಎದ್ದು ನಿಲ್ಲುವವರುಂಟು. ನೊರೆಯಿರುವ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಕಡುಗೆಂಪು ರಕ್ತ ಯಕೃತ್ತಿನದಿರಬಹುದು, ಹಸಿರು ಕಸರು ಹೊಟ್ಟೆಯದು. ಕೊನೆಯ ಎರಡರಲ್ಲಿ ಹಲವು ಗಂಟೆ ಕಾಯದೆ ಹಿಂಬಾಲಿಸಿದರೆ ಪ್ರಾಣಿ ಎದ್ದು ದೂರ ಹೋಗುತ್ತದೆ. ನೀರಿನಲ್ಲಿ ನಿಂತ ಮೂಸ್‌ಗೆ ಬಾಣ ಬಿಡಬಾರದು, ಅಷ್ಟು ತೂಕವನ್ನು ದಡಕ್ಕೆ ತರಲಾಗದೆ ಮಾಂಸ ಕೆಡುತ್ತದೆ. ತಿನ್ನಲು ಯೋಗ್ಯವಾದ ಮಾಂಸವನ್ನು ಬಿಟ್ಟುಬರುವುದು ಒಂಟಾರಿಯೊದಲ್ಲಿ ಅಪರಾಧವೂ ಹೌದು.

ಒಬ್ಬರೇ ಕೊಳ್ಳುವುದಾದರೆ ಈ ಟಾರ್ಗೆಟ್‌ನ ಬೆಲೆಯೂ ಜಾಗವೂ ಹೆಚ್ಚಾದೀತು. ಹತ್ತಾರು ಸದಸ್ಯರ ಕ್ಲಬ್ಬಿಗೆ ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಕೊಳ್ಳುವ ಮೊದಲು ನಡುತುಂಡು ಬಿಡಿಯಾಗಿ ಸಿಗುತ್ತದೆಯೇ, ಅದರ ಬೆಲೆಯೆಷ್ಟು ಎಂದು ಅಂಗಡಿಯವರನ್ನು ಕೇಳಿ, ಮೊದಲು ಸವೆಯುವುದು ಅದೇ. ಚಳಿಗಾಲದಲ್ಲಿ ಹೊರಗೆ ಬಿಡದೆ ಕೊಟ್ಟಿಗೆಯೊಳಗಿಟ್ಟು, ಬಿಸಿಲಿನಲ್ಲಿ ಬಳಸದಿದ್ದಾಗ ಟಾರ್ಪಾಲು ಹೊದಿಸಿ.