ಚಕ್ರದ ಮೇಲಿನ ಲೈನರ್‌ಗೆ ತಗಡಿನ ಸ್ಕ್ರೂ ಹೊಡೆಯಲು ಬಿಡಬೇಡಿ

ಕಾರಿನ ಟೈರಿಗೂ ಬಾಡಿಗೂ ನಡುವೆ ಕಮಾನಾಗಿ ಬಾಗಿದ ಕಪ್ಪು ಪ್ಲಾಸ್ಟಿಕ್ ಹೊದಿಕೆಯೊಂದು ಇರುತ್ತದೆ. ಗ್ಯಾರೇಜಿನವರು ಅದನ್ನು ಫೆಂಡರ್ ಲೈನರ್ ಎನ್ನುತ್ತಾರೆ. ಅದನ್ನು ಹಿಡಿದಿಡುವ ಸ್ಟಡ್ಡೋ (ತಗಡಿಗೆ ವೆಲ್ಡ್ ಮಾಡಿದ ಸಣ್ಣ ಉಕ್ಕಿನ ಕಡ್ಡಿ) ಕ್ಲಿಪ್ಪೋ ಮುರಿದಾಗ, ಶೆಡ್ಡಿಗೆ ತಗಡು ಕೂಡಿಸಲು ಬಳಸುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹೊಡೆದು ಕೈತೊಳೆದುಕೊಳ್ಳುವವರಿದ್ದಾರೆ. ನನ್ನ ಕಾರಿಗೆ ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ಹೀಗೆಯೇ ಮಾಡಿದರು, ಮಾಡಿದ್ದನ್ನು ನನಗೆ ಹೇಳಲಿಲ್ಲ. ಅದರಿಂದ ಏನಾಯಿತೆಂದು ಪೂರ್ತಿ ಬರೆಯುತ್ತಿದ್ದೇನೆ. ಲೈನರ್ ಬಿಚ್ಚಿಸಿದ ಪ್ರತಿಯೊಬ್ಬರೂ ಓದಬೇಕು.

ನಾನಿರುವುದು ಬೆಳಗಾವಿಯಲ್ಲಿ, ಊರು ಬೀಳಗಿಯ ಹತ್ತಿರ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಅಲ್ಲಿ ಹೊಲದ ದಾರಿಗೆ ಇಳಿದರೆ ಎರೆಮಣ್ಣು. ಎರೆಮಣ್ಣು ಒದ್ದೆಯಾದಾಗ ಉಬ್ಬಿ ಟೈರಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಲೈನರ್‌ನ ಸಂದುಗಳಿಗೆ ಏರುತ್ತದೆ, ಒಣಗಿದಾಗ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆ ಮುಂದಿನ ಲೈನರ್‌ನ ಅಂಚು ಜೋತುಬಿದ್ದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜುವ ಸದ್ದು ಬರುತ್ತಿತ್ತು. ಗ್ಯಾರೇಜಿಗೆ ಕೊಟ್ಟೆ. ಸಂಜೆ ಕಾರು ಸಿಕ್ಕಿತು, ಸದ್ದು ನಿಂತಿತ್ತು. ಬಿಲ್ಲಿನಲ್ಲಿ ‘ಲೈನರ್ ಫಿಟ್ಟಿಂಗ್’ ಎಂದಷ್ಟೇ ಬರೆದಿದ್ದರು. ಬಿಚ್ಚುವಾಗ ಸ್ಟಡ್‌ಗಳು ಬುಡಸಮೇತ ಮುರಿದಿದ್ದವೆಂಬ ವಿಷಯ ಆ ಬಿಲ್ಲಿನಲ್ಲೂ ಇರಲಿಲ್ಲ, ಅವರ ಬಾಯಲ್ಲೂ ಬರಲಿಲ್ಲ.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ರಾತ್ರಿ ಯರಗಟ್ಟಿ ದಾಟಿ ಲೋಕಾಪುರದ ಕಡೆಗೆ ಹೊರಟಿದ್ದೆವು. ಹೆಂಡತಿ, ಮಗಳು ಜೊತೆಗಿದ್ದರು. ಈ ಭಾಗದ ರಸ್ತೆಗಳು ಆ ತಿಂಗಳುಗಳಲ್ಲಿ ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂದೊಂದು ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್, ಬದಿಗೆ ಚಾಚಿದ ಕಬ್ಬು, ಎಷ್ಟೋ ಟ್ರೇಲರ್‌ಗಳಿಗೆ ಹಿಂಬದಿಯ ದೀಪವೂ ಇಲ್ಲ, ಪ್ರತಿಫಲಕವೂ ಇಲ್ಲ. ರಸ್ತೆಯ ಗುಂಡಿಯೊಂದರಲ್ಲಿ ಕಾರು ಕುಕ್ಕರಿಸಿದ್ದೇ ತಡ, ಎಡಗಡೆಯ ಹೆಡ್‌ಲೈಟ್ ಆರಿತು. ರಸ್ತೆಯ ಎಡ ಅಂಚು ಪೂರ್ತಿ ಕತ್ತಲಾಯಿತು. ಅದೇ ಅಂಚಿನಲ್ಲಿ ಟೈರ್ ಪಂಕ್ಚರ್ ಆದ ಕಬ್ಬಿನ ಟ್ರೇಲರ್ ಒಂದು ನಿಂತಿತ್ತು. ಹೆಂಡತಿ ಕೂಗಿದ್ದರಿಂದ ಬಲಕ್ಕೆ ತಿರುಗಿಸಿದೆ. ಎದುರಿನಿಂದ ವಾಹನ ಬರುತ್ತಿರಲಿಲ್ಲ. ಬಂದಿದ್ದರೆ ಈ ಬರಹ ಬರೆಯಲು ನಾನು ಉಳಿಯುತ್ತಿರಲಿಲ್ಲ.

ಲೋಕಾಪುರದಲ್ಲಿ ಒಬ್ಬರು ಫ್ಯೂಸ್ ಬದಲಿಸಿದರು, ಅದೂ ತಕ್ಷಣ ಸುಟ್ಟಿತು. 10 ಆಂಪಿಯರ್ ಜಾಗದಲ್ಲಿ 20 ಆಂಪಿಯರ್ ಹಾಕಿದರೆ ಊರು ಮುಟ್ಟಬಹುದು ಎಂದರು. ಬೇಡವೆಂದೆ. ಇದು ಪ್ರತ್ಯೇಕವಾಗಿ ನೆನಪಿಡಬೇಕಾದ ಮಾತು: ಮತ್ತೆ ಮತ್ತೆ ಸುಡುವ ಫ್ಯೂಸ್ ಎಲ್ಲೋ ತಂತಿ ಕಾರಿನ ತಗಡಿಗೆ ತಗಲುತ್ತಿದೆಯೆಂದು ತಿಳಿಸುತ್ತಿರುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿದು ತಂತಿ ಸುಡುತ್ತದೆ, ಪ್ಲಾಸ್ಟಿಕ್ ಲೈನರ್‌ನ ಪಕ್ಕದಲ್ಲೇ. ಆ ರಾತ್ರಿ ಲೋಕಾಪುರದಲ್ಲೇ ಉಳಿದೆವು.

ಬೆಳಗಾವಿಗೆ ಮರಳಿ, ಹಗಲಿನಲ್ಲೇ, ಉದ್ಯಮಬಾಗದಲ್ಲಿ ವಾಹನಗಳ ಬಾಡಿ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ ಕಾರು ಒಯ್ದೆ. ಅವರು ಚಕ್ರ ಕಳಚಿ, ಲೈನರ್ ಇಳಿಸಿ, ಕೈದೀಪ ಹಿಡಿದು ನನ್ನನ್ನು ಕರೆದರು. ಒಳತಗಡಿನ ಆಚೆ ಸ್ಕ್ರೂವಿನ ಮೊನೆ ಬೆರಳಿನ ಒಂದು ಗೆಣ್ಣಿನಷ್ಟು ಹೊರಗೆ ಚಾಚಿತ್ತು. ಹೆಡ್‌ಲೈಟಿಗೆ ಹೋಗುವ ತಂತಿಗಳ ಕಂತೆ ಅದಕ್ಕೆ ಒರಗಿಕೊಂಡಿತ್ತು. ಕಂತೆಗೆ ಸುತ್ತಿದ ಬಟ್ಟೆಪಟ್ಟಿ ಸೀಳಿತ್ತು, ಒಳಗಿನ ಒಂದು ತಂತಿಯ ಹೊದಿಕೆ ಸವೆದು ತಾಮ್ರ ಕಾಣುತ್ತಿತ್ತು, ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಸ್ಕ್ರೂ ಕೊರೆದಾಗ ಉದುರಿದ ಉಕ್ಕಿನ ಚೂರುಗಳು ಅಲ್ಲೇ ಬಿದ್ದು, ಪ್ರತಿ ಚೂರಿನ ಸುತ್ತಲೂ ಕಿತ್ತಳೆ ಬಣ್ಣದ ತುಕ್ಕಿನ ಕಲೆ. ತೂತಿನ ಅಂಚಿನಲ್ಲಿ ಬಣ್ಣ ಎದ್ದು ಬರುತ್ತಿತ್ತು. ಹಳೆಯ ಸ್ಟಡ್ಡಿನ ಮೋಟು ಅದರಿಂದ ತುಸುವೇ ದೂರದಲ್ಲಿತ್ತು. ಅದನ್ನು ದುರಸ್ತಿ ಮಾಡುವ ಬದಲು ಪಕ್ಕದಲ್ಲಿ ಕಣ್ಣುಮುಚ್ಚಿ ಕೊರೆದಿದ್ದರು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಸ್ಟಡ್ ಮುರಿಯುವುದು ಅಪರಾಧವಲ್ಲ. ಹೆಚ್ಚಿನ ಕಾರುಗಳಲ್ಲಿ ಲೈನರ್ ನಿಲ್ಲುವುದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳಿಂದ, ಕೆಲವು ಸ್ಕ್ರೂಗಳಿಂದ. ಯುರೋಪಿನ ವಿನ್ಯಾಸದ ಅನೇಕ ಕಾರುಗಳಲ್ಲಿ ತಗಡಿಗೆ ವೆಲ್ಡ್ ಮಾಡಿದ ಸಣ್ಣ ಉಕ್ಕಿನ ಸ್ಟಡ್‌ಗಳಿದ್ದು, ಅವುಗಳ ಮೇಲೆ ನಟ್ ಕೂಡುತ್ತದೆ. ಸ್ಟಡ್ 5 ಅಥವಾ 6 ಮಿಲಿಮೀಟರ್ ದಪ್ಪದ್ದು, ಅಷ್ಟೇ. ಮಣ್ಣು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕು ಹಿಡಿದರೆ ನಟ್ಟು ಕಚ್ಚಿಕೊಳ್ಳುತ್ತದೆ. ಆಮೇಲೆ ಇಂಪ್ಯಾಕ್ಟ್ ಗನ್ ಹಿಡಿದರೆ ನಟ್ಟಿನ ಜೊತೆ ಸ್ಟಡ್ಡೂ ತಿರುಗಿ ಬುಡದಲ್ಲಿ ಕತ್ತರಿಸಿಹೋಗುತ್ತದೆ.

ಅದಕ್ಕೇ ಬಿಚ್ಚುವ ಮೊದಲು ನೀರು ಹೊಡೆದು ಮಣ್ಣು ತೆಗೆಸಿ, ವೈರ್ ಬ್ರಷ್‌ನಿಂದ ಸ್ಟಡ್ಡಿನ ಸುರುಳಿ ಎಳೆಗಳನ್ನು ಉಜ್ಜಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ, ಅದು ಇಳಿಯಲು ಸಮಯ ಕೊಡಿ. ಕೈಯ ಸ್ಪ್ಯಾನರ್‌ನಿಂದ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಬೇಕು. ನಟ್ಟು ಪ್ಲಾಸ್ಟಿಕ್‌ನದಾದರೆ ಜಗಳವೇ ಬೇಡ: ಕಟ್ಟರ್‌ನಿಂದ ನಟ್ಟನ್ನು ಸೀಳಿ ತೆಗೆದರೆ ಸ್ಟಡ್ ಉಳಿಯುತ್ತದೆ, ಹೊಸ ನಟ್ಟಿಗೆ ಹೆಚ್ಚು ಖರ್ಚಿಲ್ಲ. ಒತ್ತುವ ಕ್ಲಿಪ್‌ನಲ್ಲಿ ನಡುವಿನ ಮೊಳೆಯನ್ನು ಮೊದಲು ಎತ್ತಬೇಕು, ಇಡೀ ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಲೈನರ್‌ನ ತೂತೇ ಹರಿಯುತ್ತದೆ. ಹರಿದ ತೂತಿಗೆ ಅಂಟು ಹಾಕುತ್ತೇನೆ ಎನ್ನುವವರನ್ನೂ ನಂಬಬೇಡಿ. ಲೈನರ್‌ಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್‌ನವು, ಅವುಗಳಿಗೆ ಮಾಮೂಲು ಅಂಟು ಹಿಡಿಯುವುದಿಲ್ಲ. ಅಗಲ ವಾಷರ್ ಹಾಕಿಸುವುದು ಮೇಲು.

ಮುರಿದ ಸ್ಟಡ್ಡಿಗೆ ಉದ್ಯಮಬಾಗದ ಹಿರಿಯರು ಮಾಡಿದ್ದು ಹೀಗೆ. ಮೊದಲು ತಂತಿಗಳ ಕಂತೆಯನ್ನು ದುರಸ್ತಿ ಮಾಡಿಸಿ, ಹೊಸ ಪಟ್ಟಿ ಸುತ್ತಿ, ದೂರ ಸರಿಸಿ ಕಟ್ಟಿದರು. ಮೋಟನ್ನು ಗ್ರೈಂಡರ್‌ನಿಂದ ಸಮ ಮಾಡಿದರು. ತಗಡಿನ ಹಿಂದೆ ಏನಿದೆಯೆಂದು ಕೈಯಾಡಿಸಿ ನೋಡಿದರು. ಡ್ರಿಲ್ ಬಿಟ್ ಒಮ್ಮೆಲೇ ಒಳಗೆ ನುಗ್ಗದಂತೆ ಅದಕ್ಕೆ ತಡೆಬಳೆ ಹಾಕಿ, ಅದೇ ಜಾಗದಲ್ಲಿ 9 ಮಿಲಿಮೀಟರ್ ತೂತು ಕೊರೆದು, ಎಂ6 ಅಳತೆಯ, ಅಂದರೆ 6 ಮಿಲಿಮೀಟರ್ ಬೋಲ್ಟು ಕೂಡುವ, ರಿವೆಟ್ ನಟ್ (ತೂತಿನಲ್ಲಿಟ್ಟು ಬಿಗಿದಾಗ ಉಬ್ಬಿ ತಗಡನ್ನು ಕಚ್ಚಿ ಹಿಡಿಯುವ, ಒಳಗೆ ಸುರುಳಿ ಎಳೆಗಳಿರುವ ನಟ್ಟು) ಕೂಡಿಸಿದರು. ಎಂ5ಕ್ಕೆ 7 ಮಿಲಿಮೀಟರ್ ಸಾಕಂತೆ. ತೂತು ತುಸು ದೊಡ್ಡದಾದರೂ ರಿವೆಟ್ ನಟ್ ಹಿಡಿತ ಸಿಗದೆ ಸುತ್ತತೊಡಗುತ್ತದೆ, ಹೀಗಾಗಿ ಅಂದಾಜಿನ ಬಿಟ್ ನಡೆಯುವುದಿಲ್ಲ. ಕೂಡಿಸುವ ಮೊದಲು ತೂತಿನ ಅಂಚಿಗೆ ಸತುವಿನ ಪ್ರೈಮರ್ ಬಳಿದರು, ಆಮೇಲೆ ಹಿಂಬದಿಗೆ ಮೇಣದ ಲೇಪ ಸಿಂಪಡಿಸಿದರು. ಈಗ ಲೈನರ್‌ಗೆ ಅಗಲ ವಾಷರ್ ಇರುವ ಬೋಲ್ಟು ಇದೆ, ಎಷ್ಟು ಸಲ ಬಿಚ್ಚಿದರೂ ತೊಂದರೆಯಿಲ್ಲ. ಹಿಂದೆ ಜಾಗವಿಲ್ಲದ ಕಡೆ, ತೂತುಗಳಿರುವ ತಟ್ಟೆಯ ಸ್ಟಡ್ಡನ್ನು ಎರಡು ಭಾಗದ ಎಪಾಕ್ಸಿಯಿಂದ ಬರಿಯ ಲೋಹಕ್ಕೆ ಅಂಟಿಸಬಹುದು. ಕೊರೆಯುವುದೇ ಬೇಡ, ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು ಅಷ್ಟೇ.

ವೆಲ್ಡಿಂಗ್ ಯಾಕಲ್ಲ ಎಂದು ಕೇಳಿದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು, ತಗಡನ್ನು ತುಕ್ಕಿನಿಂದ ಕಾಯುವ ಸತು 907 ಡಿಗ್ರಿಯಲ್ಲೇ ಆವಿಯಾಗುತ್ತದೆ. ಹಿಂಬದಿಯ ಮೇಣ, ಸೀಲಂಟ್, ತಂತಿ ಎಲ್ಲವೂ ಸುಡುವ ವಸ್ತುಗಳೇ. ಮಾಡಲೇಬೇಕಾದರೆ ಬ್ಯಾಟರಿ ಕಳಚಿ, ಹಿಂದಿನದೆಲ್ಲ ಸರಿಸಿ, ಬಲ್ಲವರು ಮಾಡಬೇಕು.

ನೀವು ನೋಡಬೇಕಾದದ್ದು ಇಷ್ಟು. ಕಾರು ಒಯ್ಯುವಾಗ ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಮೊಬೈಲಿನ ಟಾರ್ಚ್ ಹಿಡಿದು ಲೈನರ್‌ನ ಅಂಚಿನುದ್ದಕ್ಕೂ ಕಣ್ಣಾಡಿಸಿ. ಷಟ್ಕೋನದ ತಲೆ, ಕೆಳಗೆ ರಬ್ಬರ್ ವಾಷರ್ ಕಂಡರೆ ಅದು ತಗಡಿನ ಸ್ಕ್ರೂ. ತೆಗೆಸಿ. ತಲೆ ಕಿತ್ತು ಲೈನರ್ ಜಾರಿದರೆ ಟೈರು ಅದನ್ನು ಎಳೆದುಕೊಳ್ಳುತ್ತದೆ, ಪಕ್ಕದಲ್ಲೇ ಬ್ರೇಕ್ ಹೋಸ್ ಮತ್ತು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ತಂತಿ ಇವೆ. ಹಿಂದಿನ ಚಕ್ರವನ್ನು ಮರೆಯಬೇಡಿ, ಅದು ಇನ್ನೂ ಅಪಾಯದ ಜಾಗ: ಅನೇಕ ಕಾರುಗಳಲ್ಲಿ ಇಂಧನ ತುಂಬುವ ಕೊಳವೆ ಹಿಂದಿನ ಲೈನರ್‌ನ ಮರೆಯಲ್ಲೇ ಇಳಿಯುತ್ತದೆ.

ಆ ಗ್ಯಾರೇಜಿಗೆ ಫೋಟೋಗಳೊಂದಿಗೆ ಹೋಗಿದ್ದೆ. ‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂದರು. ಹಣ ಮರಳಿಸಲು ಒಪ್ಪಲಿಲ್ಲ. ಬಿಲ್ಲು, ತೆಗೆದ ಸ್ಕ್ರೂಗಳು, ತಂತಿಯ ಫೋಟೋ ನನ್ನ ಬಳಿ ಇವೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ, ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅರ್ಜಿ ಸಿದ್ಧಮಾಡುತ್ತಿದ್ದೇನೆ. ನಿಮಗೂ ಹೀಗಾಗಿದ್ದರೆ ಕಿತ್ತ ಸ್ಕ್ರೂವನ್ನು ಬಿಸಾಡದೆ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮುಂದೆ ಲೈನರ್ ಬಿಚ್ಚಿಸುವಾಗ ಜಾಬ್ ಕಾರ್ಡಿನಲ್ಲಿ ‘ಸ್ಟಡ್ ಮುರಿದರೆ ಮೊದಲು ತಿಳಿಸಬೇಕು, ಬಾಡಿಯಲ್ಲಿ ಹೊಸ ತೂತು ಕೊರೆಯಬಾರದು’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ.