ಗೂಗಲ್ ಬಿಸಿನೆಸ್ ಪ್ರೊಫೈಲ್: ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಎಷ್ಟು ದೂರದವರೆಗೆ ಕೆಲಸಕ್ಕೆ ಬಂತು?

ಗೂಗಲ್‌ನಲ್ಲೂ ಅದರ ಮ್ಯಾಪಿನಲ್ಲೂ ಹುಡುಕಿದವರಿಗೆ ಅಂಗಡಿಯ ಹೆಸರು, ಫೋನ್, ಸಮಯ, ವಿಮರ್ಶೆ ತೋರಿಸುವ ಪುಟವೇ ಬಿಸಿನೆಸ್ ಪ್ರೊಫೈಲ್. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಬಿಟ್ಟಿ ಸಿಗುವ ವಸ್ತುವಿಗೆ ಐದೂ ಕೊಡಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಕೊನೆಯಲ್ಲಿದೆ.

ನಮ್ಮದು ತುಮಕೂರಿನ ಗುಬ್ಬಿ ಗೇಟ್ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್, ಮನೆಯ ಸಂಪಿನ ಮೋಟಾರ್, ಹಿಟ್ಟಿನ ಗಿರಣಿ ಮೋಟಾರ್, ಏನು ಸುಟ್ಟು ತಂದರೂ ಒಳಗಿನ ತಂತಿ ಹೊಸದಾಗಿ ಸುತ್ತಿ ಕಟ್ಟಿಕೊಡುತ್ತೇವೆ. ಅಂಗಡಿ ಮಾವನವರು ಶುರು ಮಾಡಿದ್ದು. ಈಗ ವೈಂಡಿಂಗ್ ನಮ್ಮ ಮನೆಯವರದು. ಬಿಲ್ಲು, ಫೋನು, ಗೂಗಲ್ಲು ನನ್ನ ಪಾಲಿಗೆ.

ನಾವು ಇದಕ್ಕೆ ಸೇರಿದಾಗ ಇನ್ನೂ ಗೂಗಲ್ ಮೈ ಬಿಸಿನೆಸ್ ಅಂತ ಹೆಸರಿತ್ತು. ಅಂಗಡಿ ವಿಳಾಸಕ್ಕೆ ಅಂಚೆಯಲ್ಲಿ ಕಾರ್ಡ್ ಬರುತ್ತಿತ್ತು. ಅದರಲ್ಲಿದ್ದ ಕೋಡ್ ಒತ್ತಿದರೆ ಮುಗಿಯಿತು. ಈಗ ಹೊಸಬರನ್ನು ಹೆಚ್ಚಾಗಿ ವಿಡಿಯೊ ಕೇಳುತ್ತದೆ. ರಸ್ತೆ, ಬೋರ್ಡು, ಒಳಗಿನ ಸಾಮಾನು ಎಲ್ಲ ಕಾಣಬೇಕು. ಅಂಗಡಿ ನಿಮ್ಮದೇ ಎಂದು ಗೊತ್ತಾಗಲು ಬೀಗವನ್ನೋ ಗಲ್ಲಾ ಪೆಟ್ಟಿಗೆಯನ್ನೋ ತೆಗೆದು ತೋರಿಸಬೇಕು. ನಡುವೆ ಕಟ್ ಮಾಡುವ ಹಾಗಿಲ್ಲ, ಕನಿಷ್ಠ 30 ಸೆಕೆಂಡು ಇರಬೇಕು. ನಾದಿನಿಯ ಟೈಲರಿಂಗ್ ಅಂಗಡಿಗೆ ನಾನೇ ಮಾಡಿಕೊಟ್ಟೆ. ಕಷ್ಟವೇನಿಲ್ಲ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿಕೊಳ್ಳಿ ಅಷ್ಟೆ.

ಇದರಿಂದ ಬರುವ ಫೋನ್ ಯಾರದು ಅನ್ನೋದು ಮುಖ್ಯ. ನಮ್ಮ ಹಳೇ ಗಿರಾಕಿಗಳು ಗೂಗಲ್ ನೋಡುವುದಿಲ್ಲ, ಅವರ ಫೋನಿನಲ್ಲಿ ಮಾವನವರ ನಂಬರ್ ಇದೆ. ಗೂಗಲ್‌ನಿಂದ ಬರುವವರು ಊರಿಗೆ ಹೊಸಬರು. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಪಿಜಿ ನಡೆಸುವವರು, ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದವರು, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಮೆಂಟೇನೆನ್ಸ್ ನೋಡಿಕೊಳ್ಳುವ ಹುಡುಗರು. ಬೆಳಿಗ್ಗೆ ಏಳಕ್ಕೆ ಟ್ಯಾಂಕ್ ಖಾಲಿ, ಮೋಟಾರ್ ಗುಂಯ್ ಅನ್ನುತ್ತಿದೆ ಆದರೆ ತಿರುಗುತ್ತಿಲ್ಲ. ಗೊತ್ತಿರುವ ಮೆಕ್ಯಾನಿಕ್ ಇಲ್ಲ. ಮೊಬೈಲ್ ತೆಗೆದು ಹುಡುಕಿದರೆ ಮ್ಯಾಪಿನ ಕೆಳಗೆ ಮೂರು ಹೆಸರು ಬರುತ್ತವೆ. ಆ ಮೂರರಲ್ಲಿ ಯಾರು ಫೋನ್ ಎತ್ತುತ್ತಾರೋ ಅವರಿಗೆ ಕೆಲಸ. ಇಂಥ ಗಿರಾಕಿ ಈ ಪ್ರೊಫೈಲ್ ಇಲ್ಲದಿದ್ದರೆ ನಮ್ಮ ಹತ್ತಿರ ಬರುವ ದಾರಿಯೇ ಇರಲಿಲ್ಲ.

ಪ್ರೊಫೈಲಿನಲ್ಲಿ ಅಂಗಡಿಯ ವರ್ಗ (ಕ್ಯಾಟಗರಿ) ಆರಿಸುವಾಗ ಮಾತ್ರ ನಿಧಾನವಾಗಿ ಯೋಚಿಸಿ. ಗೂಗಲ್ ಕೊಡುವ ಪಟ್ಟಿಯಿಂದಲೇ ಆರಿಸಬೇಕು, ಸ್ವಂತವಾಗಿ ಬರೆಯಲು ಬರುವುದಿಲ್ಲ. ಒಂದು ಮುಖ್ಯ ವರ್ಗ, ಜೊತೆಗೆ ಒಂಬತ್ತರವರೆಗೆ ಉಪವರ್ಗ ಹಾಕಬಹುದು. ಮೋಟಾರ್ ಕಟ್ಟುವವರು ಸುಮ್ನೆ ‘ಎಲೆಕ್ಟ್ರಿಕಲ್ ಅಂಗಡಿ’ ಎಂದು ಹಾಕಿಕೊಂಡರೆ ದಿನವಿಡೀ ಎಲ್‌ಇಡಿ ಬಲ್ಬ್ ಇದೆಯಾ, ಸ್ವಿಚ್ ಇದೆಯಾ ಅಂತ ಫೋನ್ ಬರುತ್ತದೆ. ಒಂಬತ್ತಿದೆ ಎಂದು ಒಂಬತ್ತನ್ನೂ ತುಂಬಬೇಕಿಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಜಾಗ ಪರ್ಫಾರ್ಮೆನ್ಸ್ ಪುಟ. ಎಷ್ಟು ಜನ ಕಾಲ್ ಬಟನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಎಂಬ ಲೆಕ್ಕ ಅಲ್ಲಿರುತ್ತದೆ. ಅದಕ್ಕಿಂತ ಮಜಾ ಇರುವುದು ಕೆಳಗಿನ ಪಟ್ಟಿಯಲ್ಲಿ. ಏನೇನು ಟೈಪ್ ಮಾಡಿದವರಿಗೆ ನಮ್ಮ ಅಂಗಡಿ ಕಾಣಿಸಿತು ಎಂದು ಅದು ತೋರಿಸುತ್ತದೆ. ಮೋಟಾರ್ ರಿಪೇರಿ, ಮೋಟಾರ್ ವೈಂಡಿಂಗ್, ‘ನಿಯರ್ ಮಿ’ ಸೇರಿಸಿದವು, ಇವೆಲ್ಲ ಸರಿ. ಮೈಕ್ ಒತ್ತಿ ಕನ್ನಡದಲ್ಲೇ ಕೇಳಿದವರ ಸಾಲುಗಳೂ ಬರುತ್ತವೆ. ‘ಬೋರ್ ಮೋಟರ್ ಎತ್ತುವ ಗಾಡಿ’ ಅನ್ನೋದನ್ನು ಅಲ್ಲೇ ನೋಡಿದ್ದು. ಗಾಡಿ ನಮ್ಮ ಹತ್ತಿರ ಇಲ್ಲ, ಬೇಕಾದಾಗ ಗೊತ್ತಿರುವವರನ್ನು ಕರೆಸುತ್ತೇವೆ. ಆದರೆ ಜನ ರಿವೈಂಡಿಂಗ್ ಹುಡುಕುವ ಮೊದಲು ಮೋಟಾರ್ ಮೇಲೆತ್ತುವವರನ್ನು ಹುಡುಕುತ್ತಾರಲ್ವಾ? ಅದನ್ನು ನೋಡಿಯೇ ‘ಗಾಡಿ ಕಳಿಸಿ ಮೋಟಾರ್ ಎತ್ತಿಸಿ, ಕಟ್ಟಿ, ಮತ್ತೆ ಇಳಿಸಿಕೊಡುತ್ತೇವೆ’ ಎಂದು ಸೇವೆಗಳ ಪಟ್ಟಿಗೆ ಕನ್ನಡದಲ್ಲೇ ಸೇರಿಸಿದೆ. ಅಲ್ಲಿಂದೀಚೆಗೆ ಬಂದ ಫೋನುಗಳ ಧಾಟಿಯೇ ಬದಲಾಯಿತು. “ಅಕ್ಕಾ, ಗಾಡಿ ಯಾವಾಗ ಬತ್ತದೆ?” ಎಂದೇ ಮಾತು ಶುರುವಾಗುತ್ತದೆ.

ಕೆಲಸಕ್ಕೆ ಬಾರದ ಸಾಲುಗಳೂ ಬೇಕಾದಷ್ಟಿರುತ್ತವೆ. ಬೈಕ್ ಮೆಕ್ಯಾನಿಕ್ ಹುಡುಕಿದವರು, ರಿವೈಂಡಿಂಗ್ ಡೇಟಾ ಹುಡುಕಿದವರು. ಎಷ್ಟು ಸುತ್ತು, ಯಾವ ಗೇಜ್ ತಂತಿ ಎಂದು ಹುಡುಕುವವರು ನಮ್ಮ ಹಾಗೇ ಮೋಟಾರ್ ಕಟ್ಟುವವರು, ಗಿರಾಕಿಗಳಲ್ಲ. ಜನ ನೋಡಿದ ಸಂಖ್ಯೆ ಏರಿತು ಎಂದು ಹಿಗ್ಗುವ ಮೊದಲು ಈ ಪಟ್ಟಿಯನ್ನೊಮ್ಮೆ ಓದಿ.

ಈಗ ದೂರದ ವಿಷಯ. ಹತ್ತಿರದ ಅಂಗಡಿಗಳನ್ನು ಯಾವ ಸಾಲಿನಲ್ಲಿ ತೋರಿಸಬೇಕು ಎಂಬುದಕ್ಕೆ ಮೂರು ಅಂಶ ನೋಡುತ್ತೇವೆ ಎಂದು ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದುಕೊಂಡಿದೆ. ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ಹುಡುಕಿದವರಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮೇಲೆ ಬರಲು ಆಗುವುದಿಲ್ಲ ಎಂದೂ ಅಲ್ಲೇ ಇದೆ. ನಮ್ಮ ಅನುಭವದಲ್ಲಿ ದೂರದ್ದೇ ದೊಡ್ಡ ಕಾರುಬಾರು. ಊರೊಳಗೆ, ಬಟವಾಡಿ, ಶೆಟ್ಟಿಹಳ್ಳಿ, ಕ್ಯಾತ್ಸಂದ್ರದವರೆಗೆ ಚೆನ್ನಾಗಿ ಕಾಣಿಸುತ್ತೇವೆ. ಗೂಳೂರು, ಬೆಳ್ಳಾವಿ ಕಡೆಯಿಂದ ಆಗಾಗ ಫೋನ್ ಬರುತ್ತದೆ. ಗುಬ್ಬಿ ಪೇಟೆಯಲ್ಲಿ ನಿಂತು ಹುಡುಕಿದರೆ ಗುಬ್ಬಿಯವರೇ ಬರುತ್ತಾರೆ. ನ್ಯಾಯವೂ ಹೌದು. ಇನ್ನು ಪಾವಗಡದ ಮಾತು ಬಿಡಿ, ಅದು ನೂರು ಕಿಲೋಮೀಟರ್ ಆಸುಪಾಸು.

ಆದರೆ ಪಾವಗಡ, ಮಧುಗಿರಿಯಿಂದಲೂ ನಮಗೆ ಮೋಟಾರ್ ಬರುತ್ತವೆ. ಹೇಗೆ? ಸ್ಟಾರ್ಟರ್ ಬಾಕ್ಸಿನ ಮೇಲಿನ ಸ್ಟಿಕ್ಕರ್‌ನಿಂದ. ಕಟ್ಟಿಕೊಟ್ಟ ಪ್ರತಿ ಮೋಟಾರ್ ಜೊತೆ ಮಾವನವರು ಅಂಗಡಿ ಹೆಸರು, ನಂಬರ್ ಇರುವ ಸ್ಟಿಕ್ಕರ್ ಕೊಟ್ಟು “ಡಬ್ಬಿ ಮೇಲೆ ಅಂಟಿಸಪ್ಪ” ಎನ್ನುತ್ತಿದ್ದರು. ಮೋಟಾರ್ ನಿಂತಾಗ ರೈತ ಮೊದಲು ಹೋಗಿ ನಿಲ್ಲುವುದು ಆ ಡಬ್ಬಿಯ ಮುಂದೆಯೇ. ಪಕ್ಕದ ತೋಟದವರು ಬಂದು ಇಣುಕಿದರೂ ಅದೇ ನಂಬರ್ ಕಾಣುತ್ತದೆ. ಹಳ್ಳಿ ವ್ಯಾಪಾರಕ್ಕೆ ಇವತ್ತಿಗೂ ಅದನ್ನು ಮೀರಿದ ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರುವಂತೆ ಮಾಡುವ ಕೆಲಸ) ನಾನು ಕಂಡಿಲ್ಲ. ನಾನು ಮಾಡಿದ್ದು ಇಷ್ಟೇ, ಹೊಸ ಸ್ಟಿಕ್ಕರ್‌ನಲ್ಲಿ ಗೂಗಲ್ ವಿಮರ್ಶೆಯ ಕ್ಯೂಆರ್ ಕೋಡ್ ಸೇರಿಸಿದೆ. ಕಾಗದದ್ದು ಮಾಡಿಸಬೇಡಿ, ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ.

ಈ ದೂರದ ಸಮಸ್ಯೆಗೆ ಮದ್ದಿದೆ ಎಂದು ಬೆಂಗಳೂರಿನ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯವರು ಬಂದಿದ್ದರು. ಹೆಸರು ಬೇಡ. “ಮೇಡಂ, ಒಂದೊಂದು ತಾಲ್ಲೂಕಿಗೆ ಒಂದೊಂದು ಲಿಸ್ಟಿಂಗ್ ಮಾಡಿಬಿಡೋಣ, ಶಿರಾ, ಮಧುಗಿರಿ, ಕುಣಿಗಲ್, ಎಲ್ಲ ಕಡೆ ನೀವೇ ಫಸ್ಟ್” ಎಂದರು. ಅಲ್ಲಿ ನಮಗೆ ಅಂಗಡಿ ಇಲ್ಲವಲ್ಲ ಎಂದರೆ “ಅಡ್ರೆಸ್ ನಾವು ನೋಡ್ಕೋತೀವಿ” ಅಂತ ಉತ್ತರ. ಇಲ್ಲದ ಅಂಗಡಿಗೆ ಪ್ರೊಫೈಲ್ ಮಾಡುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪ್ರೊಫೈಲ್ ಅಮಾನತು. ನಿಯಮದ ಮಾತು ಹಾಗಿರಲಿ, ಮ್ಯಾಪ್ ನೋಡಿಕೊಂಡು ಸುಟ್ಟ ಮೋಟಾರ್ ಹೇರಿಕೊಂಡು ಶಿರಾದ ಯಾವುದೋ ಖಾಲಿ ಗೋಡೆ ಮುಂದೆ ಇಳಿಸುವ ರೈತ ನಮ್ಮನ್ನು ಸುಮ್ಮನೆ ಬಿಡುತ್ತಾನಾ?

ಆದರೂ ನಮಗೊಂದು ಪುಟ್ಟ ವೆಬ್‌ಸೈಟ್ ಬೇಕಿತ್ತು, ಲಿಸ್ಟಿಂಗ್ ಬೇಡವೆಂದು ಅದನ್ನಷ್ಟೇ ಅವರಿಗೆ ಕೊಟ್ಟೆವು. ವೆಬ್‌ಸೈಟ್ ನೋಡೋಕೆ ಚೆನ್ನಾಗಿಯೇ ಇದೆ. ಅದರ ಜೊತೆ ಬಂದ ತಿಂಗಳ ಎಸ್‌ಇಒ ಬಿಲ್ಲು ಮಾತ್ರ ಕಸಿವಿಸಿ ಮಾಡಿತು. ಅದರಲ್ಲಿ ಮೆಟಾ ಕೀವರ್ಡ್ ಟ್ಯಾಗ್, ಅಂದರೆ ಪುಟದ ಕೋಡಿನೊಳಗೆ ಅಡಗಿಸಿಡುವ ಪದಗಳ ಪಟ್ಟಿ, ಎಂಬುದಕ್ಕೆ ಬೇರೆ ದುಡ್ಡು. ಆ ಟ್ಯಾಗನ್ನು ವೆಬ್ ಹುಡುಕಾಟದ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇನ್ನೊಂದು ಸಾಲಿನಲ್ಲಿ ರಾಶಿ ಬ್ಯಾಕ್‌ಲಿಂಕ್, ಅಂದರೆ ಬೇರೆ ವೆಬ್‌ಸೈಟ್‌ಗಳಿಂದ ನಮ್ಮ ಪುಟಕ್ಕೆ ಕೊಂಡಿ. ಎಲ್ಲಿಂದ ಎಂದು ನೋಡಿದರೆ ಮೋಟಾರಿಗೂ ತುಮಕೂರಿಗೂ ಸಂಬಂಧವೇ ಇಲ್ಲದ ವಿದೇಶಿ ಪುಟಗಳು. ಮೂರನೆಯದು ಊರಿನ ಹೆಸರಿನ ಎರಡು ಇಂಗ್ಲಿಷ್ ಸ್ಪೆಲಿಂಗಿಗೆ ಎರಡು ಪುಟ. ಸರ್ಕಾರ 2014ರ ನವೆಂಬರ್ 1ರಿಂದ ಸ್ಪೆಲಿಂಗ್ ಬದಲಿಸಿದೆ, ಜನ ಈಗಲೂ ಹಳೆಯದನ್ನೇ ಒತ್ತುತ್ತಾರೆ, ಅದು ನಿಜ. ಆದರೆ ಎರಡೂ ಒಂದೇ ಊರು ಅನ್ನೋದು ಗೂಗಲ್‌ಗೆ ಗೊತ್ತು. ಹೇಗೆ ಒತ್ತಿದರೂ ಅದೇ ಮ್ಯಾಪ್ ಬರುತ್ತದೆ. ಇಷ್ಟರ ಮೇಲೆ ಮೊದಲ ಸ್ಥಾನದ ಗ್ಯಾರಂಟಿ ಬೇರೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿದೆ. ತಿಂಗಳ ಬಿಲ್ಲು ಅಲ್ಲಿಗೆ ನಿಲ್ಲಿಸಿದೆವು.

ಅವರು ಪ್ರೊಫೈಲಿನ ಓನರ್ ಆಕ್ಸೆಸ್ ಕೂಡ ಕೇಳಿದ್ದರು. ನಾನು ಮ್ಯಾನೇಜರ್ ಆಕ್ಸೆಸ್ ಮಾತ್ರ ಕೊಟ್ಟೆ, ಕೆಲಸ ಮುಗಿದ ಮೇಲೆ ತೆಗೆದೆ. ನಮ್ಮ ಸಾಲಿನಲ್ಲಿ ಇನ್ನೊಬ್ಬರ ಪ್ರೊಫೈಲ್ ಏಜೆನ್ಸಿ ಹುಡುಗನ ಸ್ವಂತ ಜಿಮೇಲ್‌ನಲ್ಲಿತ್ತು. ಆತ ಕೆಲಸ ಬಿಟ್ಟು ಹೋದ, ಫೋನ್ ನಂಬರ್ ಬದಲಿಸಲೂ ಇವರಿಗೆ ಆಗಲಿಲ್ಲ. ಮಾಲೀಕತ್ವ ಕೇಳಿ ಅರ್ಜಿ ಹಾಕುವ ದಾರಿ ಗೂಗಲ್‌ನಲ್ಲಿದೆ, ಆದರೆ ನಮ್ಮದೇ ಅಂಗಡಿಗೆ ನಾವೇ ಅರ್ಜಿ ಹಾಕಿಕೊಂಡು ಕೂರುವ ಕರ್ಮ ಯಾಕೆ?

ಇನ್ನು ವಿಮರ್ಶೆಗಳು. ಕೇಳದಿದ್ದರೆ ಯಾರೂ ಬರೆಯುವುದಿಲ್ಲ. ಖುಷಿಯಾದವರು ಮೋಟಾರ್ ಎತ್ತಿಕೊಂಡು ಹೋಗುತ್ತಾರೆ, ಸಿಟ್ಟಾದವರು ಮಾತ್ರ ತಾವಾಗಿ ಬರೆಯುತ್ತಾರೆ. ನಾನು ಕೇಳುವುದು ಮೋಟಾರ್ ಟೆಸ್ಟ್ ಮಾಡಿ ತೋರಿಸುವ ಹೊತ್ತಿನಲ್ಲಿ. ತಿರುಗುವುದನ್ನು ನೋಡಿ ಮುಖ ಅರಳಿರುತ್ತದೆ. “ಅಣ್ಣ, ಸ್ಟಾರ್ ಜೊತೆಗೆ ಎರಡು ಮಾತು ಬರೀರಿ, ಯಾವ ಮೋಟಾರ್, ಏನಾಗಿತ್ತು ಅಂತ” ಎನ್ನುತ್ತೇನೆ. ‘ಐದು ಎಚ್‌ಪಿ ಬೋರ್ ಮೋಟರ್ ಸುಟ್ಟೋಗಿತ್ತು, ಚೆನ್ನಾಗಿ ಕಟ್ಟಿಕೊಟ್ಟವ್ರೆ’ ಎಂಬ ಒಂದು ಸಾಲು ಬರೀ ಐದು ಸ್ಟಾರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬೇರೆಯವರು ಅದನ್ನೇ ಹುಡುಕಿದಾಗ ಗೂಗಲ್ ಕೆಲವೊಮ್ಮೆ ಆ ಸಾಲನ್ನೇ ಎತ್ತಿ ಅಂಗಡಿ ಹೆಸರಿನ ಕೆಳಗೆ ತೋರಿಸುತ್ತದೆ. ವಿಮರ್ಶೆಗೆ ಬದಲಾಗಿ ರಿಯಾಯಿತಿ ಕೊಡುವುದು ನಿಷಿದ್ಧ. ಏಜೆನ್ಸಿಯವರು ವಿಮರ್ಶೆಗಳನ್ನೂ ಮಾರುತ್ತಾರೆ, ಹತ್ತಿರ ಸೇರಿಸಬೇಡಿ.

ಒಂದಕ್ಷರ ಬರೆಯದೆ ಒಂದೇ ಸ್ಟಾರ್ ಒತ್ತಿ ಹೋಗುವವರೂ ಇದ್ದಾರೆ. ನಿಯಮ ಮುರಿದಿದ್ದರೆ ಮಾತ್ರ ವಿಮರ್ಶೆ ತೆಗೆಯುತ್ತಾರೆ. ಅಂಗಡಿಯವರು ಸರಿಯೋ ಗಿರಾಕಿ ಸರಿಯೋ ಎಂಬ ಪಂಚಾಯ್ತಿಗೆ ಗೂಗಲ್ ಬರುವುದಿಲ್ಲ. ಉತ್ತರ ಬರೆಯುವುದೊಂದೇ ನಮ್ಮ ಕೈಯಲ್ಲಿರುವುದು. ವೋಲ್ಟೇಜ್ ಬೀಳುತ್ತಿದ್ದರೆ, ಒಂದು ಫೇಸ್ ಹೋದರೂ ಮೋಟಾರ್ ಓಡುತ್ತಿದ್ದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಮತ್ತೆ ಸುಡುತ್ತದೆ. ಅಂಥ ದೂರಿನ ಕೆಳಗೆ ಅದನ್ನೇ ಮೆತ್ತಗೆ ವಿವರಿಸಿ, ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿಕೊಳ್ಳಿ ಎಂದು ಬರೆದಿದ್ದೆ. ಅದನ್ನು ಓದಿಯೇ ಪ್ರಿವೆಂಟರ್ ಕೇಳಿಕೊಂಡು ಬಂದವರಿದ್ದಾರೆ.

ಸಮಯ ಸರಿಯಾಗಿ ಹಾಕಿ. ಹುಡುಕುವ ಹೊತ್ತಿಗೆ ಅಂಗಡಿ ತೆರೆದಿದೆಯಾ ಅನ್ನೋದೂ ಲೆಕ್ಕಕ್ಕೆ ಬರುತ್ತದೆ ಎಂದು ಗೂಗಲ್‌ನವರು 2023ರಲ್ಲಿ ಒಪ್ಪಿಕೊಂಡಿದ್ದಾರೆ. ಹಾಗಂತ 24 ಗಂಟೆ ತೆರೆದಿದೆ ಎಂದು ಸುಳ್ಳು ಹಾಕಿದರೆ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಎದ್ದ ರೈತರೆಲ್ಲ ಎರಡು ಗಂಟೆಗೆ ಫೋನ್ ಮಾಡುತ್ತಾರೆ.

ಜಾಹೀರಾತಿನ ಬಗ್ಗೆ ಒಂದೆರಡು ಮಾತು. ಗೂಗಲ್ ಆ್ಯಡ್ಸ್ ಬೇರೆ, ಪ್ರೊಫೈಲ್ ಬೇರೆ. ಆ್ಯಡ್ಸ್‌ನಲ್ಲಿ ಕ್ಲಿಕ್ಕಿಗೆ ದುಡ್ಡು, ಅದರ ಮೇಲೆ ಶೇ 18 ಜಿಎಸ್‌ಟಿ. ನಾವು ಹಾಕುವುದು ಮಾರ್ಚ್‌ನಿಂದ ಮಳೆ ಬೀಳುವವರೆಗೆ, ಊರಿನ ಸುತ್ತ ಸಣ್ಣ ವೃತ್ತದೊಳಗೆ ಮಾತ್ರ. ಡೇಟಾ, ಕೋರ್ಸ್, ಬೈಕ್, ಜಾಬ್ ಎಂಬ ಪದಗಳನ್ನು ನೆಗೆಟಿವ್ ಪಟ್ಟಿಗೆ (ಇವನ್ನು ಹುಡುಕಿದವರಿಗೆ ಜಾಹೀರಾತು ಬೇಡ ಎನ್ನುವ ಪಟ್ಟಿ) ಹಾಕದಿದ್ದರೆ ದುಡ್ಡು ಸೋರಿಹೋಗುತ್ತದೆ. ಆ ಪಟ್ಟಿ ಸಿಕ್ಕಿದ್ದೂ ಬಿಟ್ಟಿ ಪ್ರೊಫೈಲಿನ ಪರ್ಫಾರ್ಮೆನ್ಸ್ ಪುಟದಿಂದಲೇ.

ಕತ್ತರಿಸಿದ ಆ ಒಂದು ಸ್ಟಾರ್ ಇದಕ್ಕೆ. ಇದು ಗೂಗಲ್ ಜಾಗ, ಏನನ್ನು ಯಾವಾಗ ತೆಗೆಯಬೇಕು ಅನ್ನೋದು ಅವರ ಇಷ್ಟ. 2021ರಲ್ಲಿ ಹೆಸರು ಬದಲಿಸಿದರು, 2022ರಲ್ಲಿ ಪ್ರತ್ಯೇಕ ಆ್ಯಪ್ ನಿಲ್ಲಿಸಿದರು. 2024ರ ಮಾರ್ಚ್‌ನಲ್ಲಿ ಪ್ರೊಫೈಲಿನಿಂದ ಮಾಡಿಕೊಳ್ಳಬಹುದಾಗಿದ್ದ ಬಿಟ್ಟಿ ವೆಬ್‌ಸೈಟ್‌ಗಳು ಹೋದವು, ಅದೇ ವರ್ಷ ಜುಲೈ ಕೊನೆಗೆ ಚಾಟ್ ಹೋಯಿತು. ಆದ್ದರಿಂದ ಬೋರ್ಡು, ಬಿಲ್ಲು, ಸ್ಟಿಕ್ಕರ್ ಮೇಲೆ ಸ್ವಂತ ಫೋನ್ ನಂಬರ್ ದೊಡ್ಡದಾಗಿರಲಿ, ಗೂಗಲ್ ಕೊಂಡಿ ಸಣ್ಣದಾಗಿರಲಿ.

ಊರೊಳಗಿನ ಗಿರಾಕಿಯನ್ನು ನಂಬಿದ ಅಂಗಡಿಗಳಿಗೆ, ಅಂದರೆ ಪ್ಲಂಬರ್, ಟೈಲರ್, ಮಿಕ್ಸಿ ರಿಪೇರಿ, ಮೆಸ್‌ನವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ಮಾಡಿಕೊಳ್ಳಿ. ತಿಪಟೂರಿನ ಕೊಬ್ಬರಿ ವ್ಯಾಪಾರದಂಥ ದೂರದ ಸಗಟು ವ್ಯವಹಾರಕ್ಕೆ ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಪ್ರೊಫೈಲ್ ಇರುವವರು ಹುಡುಕಾಟದ ಪದಗಳ ಪುಟವನ್ನು ಆಗಾಗ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದು ತೋರಿಸುವುದು ಆರು ತಿಂಗಳ ಲೆಕ್ಕ ಮಾತ್ರ. ಹೋದ ಬೇಸಿಗೆಯಲ್ಲಿ ಜನ ಏನು ಹುಡುಕಿದ್ದರು ಎಂದು ಈ ಬೇಸಿಗೆಗೆ ಮುಂಚೆ ನೋಡಲು ಹೋದರೆ ಅಲ್ಲಿ ಇರುವುದಿಲ್ಲ.