ಎದೆಹಾಲು ಬಿಡಿಸಿದ ಮೇಲೆ ಬಾಯಿ, ಗುದದ ಸುತ್ತ ಹುಣ್ಣಾದರೆ ಮುಲಾಮು ಹಚ್ಚುತ್ತ ಕೂರಬೇಡಿ

ಎದೆಹಾಲು ಬಿಡಿಸಿ ರಾಗಿ ಸರಿ, ಹಸುವಿನ ಹಾಲು ಶುರುಮಾಡಿ ಕೆಲವು ವಾರ. ಮಗುವಿನ ಗುದದ ಸುತ್ತ, ಬೆರಳ ಸಂದಿಗಳಲ್ಲಿ, ಹಿಮ್ಮಡಿಯಲ್ಲಿ ಕೆಂಪು ಗಾಯ ಏಳುತ್ತದೆ. ಅಂಚು ಸ್ಪಷ್ಟ, ಸಿಪ್ಪೆ ಸುಲಿಯುತ್ತದೆ, ಕೆಲವೆಡೆ ನೀರುಗುಳ್ಳೆ. ಮುಖದಲ್ಲಿ ಅದು ಕೆನ್ನೆ, ಗಲ್ಲವನ್ನು ಕುದುರೆ ಲಾಳದಂತೆ ಬಳಸಿ, ಮೇಲ್ತುಟಿಯನ್ನು ಬಹುತೇಕ ಬಿಟ್ಟಿರುತ್ತದೆ. ಈ ಗುರುತು ನೆನಪಿಡಿ. ಭೇದಿ, ಕೂದಲುದುರುವಿಕೆ, ಬಿಡದ ರಚ್ಚೆ ಸೇರಿಕೊಳ್ಳಬಹುದು. ಎಲ್ಲವೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ.

ಇದು ಅಕ್ರೊಡರ್ಮಟೈಟಿಸ್ ಎಂಟೆರೊಪಥಿಕಾ ಎಂಬ ರೋಗ ಇರಬಹುದು. ಕರುಳಿನಲ್ಲಿ ಸತುವನ್ನು, ಅಂದರೆ ಜಿಂಕ್ ಅನ್ನು, ಒಳಗೆಳೆದುಕೊಳ್ಳುವ ಜಿಪ್4 ಎಂಬ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಎದೆಹಾಲಿನ ಜಿಂಕ್ ಸುಲಭವಾಗಿ ದಕ್ಕುವುದರಿಂದ ಅಲ್ಲಿಯವರೆಗೆ ಕೊರತೆ ಹೊರಬೀಳುವುದಿಲ್ಲ. ಹಸುವಿನ ಹಾಲಿನ ಕೇಸಿನ್ ಎಂಬ ಪ್ರೋಟೀನು, ರಾಗಿಯ ಫೈಟೇಟ್ ಎಂಬ ಅಂಶ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತವೆ. ರಾಗಿಯದೇನೂ ತಪ್ಪಿಲ್ಲ, ಇಂಥ ಮಗುವಿಗೆ ಮಾತ್ರ ಅದು ಸಾಲದು.

ದಾರಿ ತಪ್ಪುವುದು ಹೀಗೆ. ಮೊದಲು ಡೈಪರ್ ಅಲರ್ಜಿ ಎನ್ನುತ್ತಾರೆ. ಆಮೇಲೆ ಅಂಗಡಿಯವರು ಕೊಟ್ಟ, ಸ್ಟೆರಾಯ್ಡ್ ಮತ್ತು ಫಂಗಸ್ ಔಷಧ ಬೆರೆಸಿದ ಟ್ಯೂಬು. ಕ್ಲೋಬೆಟಸಾಲ್ ಎಂಬ ತೀವ್ರ ಸ್ಟೆರಾಯ್ಡ್ ಇರುವ ಮುಲಾಮನ್ನು ಡೈಪರ್ ಒಳಗೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಔಷಧ ರಕ್ತಕ್ಕೂ ಸೇರುತ್ತದೆ. ಗಾಯ ಮಾತ್ರ ಅಲ್ಲೇ ಇರುತ್ತದೆ. ಬಳಿಕ ನಂಜು ಎಂದು ಮೊಟ್ಟೆ, ಮೀನು, ಮಾಂಸ ಬಿಡಿಸುತ್ತಾರೆ. ಜಿಂಕ್ ಚೆನ್ನಾಗಿ ಸಿಗುವ ಆಹಾರವೇ ತಟ್ಟೆಯಿಂದ ಹೋಯಿತು!

ಎಲ್ಲಕ್ಕಿಂತ ಕೆಟ್ಟ ಬಲೆ ಇನ್ನೊಂದು. ಭೇದಿಗೆಂದು ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆ 14 ದಿನ ಕೊಡುತ್ತಾರೆ. ರಚ್ಚೆ ಒಂದೆರಡು ದಿನದಲ್ಲೇ ಇಳಿಯುತ್ತದೆ, ಚರ್ಮ ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಮಾತ್ರೆ ಮುಗಿದ ಮೇಲೆ ಗಾಯ ಮರಳುತ್ತದೆ. ಮುಲಾಮು ಬದಲಿಸಿದ್ದಕ್ಕೇ ಹೀಗಾಯಿತೆಂದು ಎಲ್ಲರೂ ನಂಬುತ್ತಾರೆ. ಜಿಂಕ್ ನಿಂತಾಗ ಮರಳುವ ಗಾಯವೇ ರೋಗದ ದೊಡ್ಡ ಸುಳಿವು. ದಿನಾಂಕ ಬರೆದು, ಫೋಟೋ ತೆಗೆದು ಮಕ್ಕಳ ಚರ್ಮವೈದ್ಯರಿಗೆ ತೋರಿಸಿ.

ಪರೀಕ್ಷೆಗೆ ರಕ್ತ ಕೊಡುವಾಗ ಲೋಹಾಂಶ ಅಳೆಯಲೆಂದೇ ಇರುವ ಟ್ಯೂಬು ಬಳಸುತ್ತಾರೆಯೇ ಎಂದು ಕೇಳಿ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದ ಜಿಂಕ್ ಬೆರೆತು ಫಲಿತಾಂಶ ಸುಳ್ಳಾಗಿ ಸಹಜವೆನಿಸುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಆ ವಯಸ್ಸಿಗೆ ಇರಬೇಕಾದುದಕ್ಕಿಂತ ಕಡಿಮೆಯಿದ್ದರೆ ಅದೂ ಸುಳಿವು.

ಚಿಕಿತ್ಸೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂ ಎಲಿಮೆಂಟಲ್ ಜಿಂಕ್, ಅಂದರೆ 7 ಕಿಲೋ ಮಗುವಿಗೆ 21. ಲೇಬಲ್ಲಿನಲ್ಲಿ ‘ಎಲಿಮೆಂಟಲ್’ ಪದ ಹುಡುಕಿ. 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ ನಿಜವಾದ ಜಿಂಕ್ 50 ಮಾತ್ರ. ಪ್ರಮಾಣ ವೈದ್ಯರೇ ನಿಗದಿಮಾಡಲಿ. ರಾಗಿ ಸರಿಯಲ್ಲಿ ಕಲಸಿ ಕೊಡಬೇಡಿ. ಮಗು ಬೆಳೆದಂತೆ ಪ್ರಮಾಣ ಏರಬೇಕು, ಜೀವನಪೂರ್ತಿ ನಿಲ್ಲಿಸುವಂತಿಲ್ಲ. ಹೆಚ್ಚು ಜಿಂಕ್ ತಾಮ್ರ ದೇಹಕ್ಕೆ ಸೇರುವುದನ್ನು ತಡೆಯುವುದರಿಂದ ರಕ್ತದ ತಾಮ್ರವನ್ನೂ ಆಗಾಗ ಅಳೆಯಿಸಿ.

ಎದೆಹಾಲು ಮಾತ್ರ ಕುಡಿಯುವಾಗಲೇ ಇವೇ ಗಾಯ ಬಂದರೆ, ತಾಯಿಯ ಹಾಲಿನಲ್ಲೇ ಜಿಂಕ್ ಕಡಿಮೆ ಇರಬಹುದು. ಆ ಮಕ್ಕಳಿಗೆ ಬೇರೆ ಆಹಾರ ಒಗ್ಗಿದ ಮೇಲೆ ಔಷಧ ಬೇಕಾಗುವುದಿಲ್ಲ.

ಹುಟ್ಟಿನಿಂದ ಬಂದ ಬಗೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿ ಹೊತ್ತಿರುತ್ತಾರೆ. ಸೋದರಮಾವನನ್ನು ಮದುವೆಯಾಗುವ ನಮ್ಮ ಕುಟುಂಬಗಳಲ್ಲಿ ಆ ಸಾಧ್ಯತೆ ಹೆಚ್ಚು. ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ಬಸುರಾದಾಗಲೇ ವೈದ್ಯರಿಗೆ ತಿಳಿಸಿಡಿ.